ಆಟದ ಬಯಲಿನ ಅನುಭವ ಮತ್ತು ಅರೆಕಾಲಿಕ ಡಾಕ್ಟರೇಟ್ ವ್ಯಾಸಂಗ

ವಿದ್ಯೆಯು ನಾಲ್ಕು ಬಗೆಯಿಂದ ಉಪಯುಕ್ತವಾಗುವುದೆಂದು ವ್ಯಾಕರಣ ಮಹಾಭಾಷ್ಯದಲ್ಲಿ ಪತಂಜಲಿ ಮಹರ್ಷಿಗಳು ಹೇಳಿರುವರು. ಗುರುವಿನಿಂದ ಪಡೆಯುವ ಕಾಲ ಮೊದಲನೆಯದು. ತಾನೇ ಕುಳಿತು ಅಭ್ಯಸಿಸುವ ಕಾಲ ಎರಡನೆಯದು. ಶಿಷ್ಯರಿಗೆ ಬೋಧಿಸುವ ಕಾಲ ಮೂರನೆಯದು. ವ್ಯವಹಾರದಲ್ಲಿ ತೊಡಗಿಸುವ ಕಾಲ ನಾಲ್ಕನೆಯದು. ಸಾಮಾನ್ಯ ವಿದ್ಯಾರ್ಥಿಯ ಬಾಳಿನಲ್ಲಿ ಇವು ಒಂದರ ಬೆನ್ನಿಗೊಂದರಂತೆ ಬರುತ್ತವೆ. ಆದರೆ ನಲವತ್ತರ ಅಂಚಿನಲ್ಲಿರುವ ದೈಹಿಕ ಶಿಕ್ಷಣ ಶಿಕ್ಷಕನೊಬ್ಬನು ಕೆಲಸವನ್ನು ಬಿಡದೆ ಸಂಶೋಧನೆಗೆ ತೊಡಗಿದನೆಂದರೆ, ಆ ನಾಲ್ಕು ಕಾಲಗಳೂ ಅವನ ಒಂದೇ ವಾರದೊಳಗೆ ಬಂದು ಸೇರುತ್ತವೆ. ಬೆಳಗಿನ ಆರಕ್ಕೆ ಬಯಲಿನಲ್ಲಿ ವ್ಯವಹಾರ, ಹಗಲಿನಲ್ಲಿ ಬೋಧನೆ, ಬಿಡುವಿನ ದಿನ ಮಾರ್ಗದರ್ಶಕರ ಮುಂದೆ ಶಿಷ್ಯವೃತ್ತಿ, ರಾತ್ರಿ ಮನೆಮಂದಿ ಮಲಗಿದ ಮೇಲೆ ಸ್ವಾಧ್ಯಾಯ. ಇಂತಹ ವ್ಯಾಸಂಗದ ಸ್ವರೂಪವೇನು, ಉನ್ನತ ಕ್ರೀಡಾಸಾಧನೆಯ ಕ್ಷೇತ್ರದಲ್ಲಿ ಅದರ ಅಗತ್ಯವೇನು, ವಿದ್ಯಾಸಂಸ್ಥೆಗಳು ಅದಕ್ಕೆ ಸಲ್ಲಿಸಬೇಕಾದುದೇನು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಪದವಿಯ ಸ್ವರೂಪ

‘ಡಾಕ್ಟರ್’ ಎಂಬ ಶಬ್ದವು ಇಂದು ವೈದ್ಯನನ್ನೇ ಮೊದಲು ನೆನಪಿಗೆ ತರುವುದಾದರೂ, ಅದು ‘ಬೋಧಿಸು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿದುದು. ಮೊದಲಿಗೆ ಬೋಧಕನೆಂಬುದೇ ಅದರ ಅರ್ಥವಾಗಿತ್ತು. ವಿಶ್ವವಿದ್ಯಾಲಯಗಳು ನೀಡುವ ಪಿಎಚ್.ಡಿ. ಪದವಿಯು ಹೆಚ್ಚಾಗಿ ಶಾಸ್ತ್ರದಿಂದ ಹೊರಟು ಶಾಸ್ತ್ರಕ್ಕೇ ಸೇರುವ ಪ್ರಶ್ನೆಗಳನ್ನು ಎತ್ತಿಕೊಳ್ಳುತ್ತದೆ. ಇದಕ್ಕೆ ಒಡಹುಟ್ಟಿನಂತೆ ಬೆಳೆದ ಇನ್ನೊಂದು ಪದವಿಗೆ ವೃತ್ತಿಪರ ಡಾಕ್ಟರೇಟ್ ಎಂದು ಹೆಸರು. ಇದರಲ್ಲಿ ಪ್ರಶ್ನೆಯು ಅಭ್ಯರ್ಥಿಯ ವೃತ್ತಿಯಲ್ಲಿಯೇ ಹುಟ್ಟಬೇಕು. ಉತ್ತರವು ಅದೇ ವೃತ್ತಿಗೆ ಹಿಂದಿರುಗಬೇಕು. ಬ್ರಿಟನ್ನಿನಲ್ಲಿ ಶಿಕ್ಷಣಕ್ಷೇತ್ರದ ಇಂತಹ ಮೊದಲ ಪದವಿಯನ್ನು ಬ್ರಿಸ್ಟಲ್ ವಿಶ್ವವಿದ್ಯಾಲಯವು 1992ರಲ್ಲಿ ಆರಂಭಿಸಿತು. ತರುವಾಯ ಇದು ಬೇರೆ ಬೇರೆ ವೃತ್ತಿಗಳಿಗೆ ಹಬ್ಬಿ, ಬ್ರಿಟನ್, ಐರ್ಲೆಂಡ್ ದೇಶಗಳ ಕೆಲವು ವಿಶ್ವವಿದ್ಯಾಲಯಗಳಲ್ಲಿ ಉನ್ನತ ಕ್ರೀಡಾಸಾಧನೆಯ ಕ್ಷೇತ್ರವನ್ನೂ ಸೇರಿತು. ತರಬೇತುದಾರರು, ಕ್ರೀಡಾ ಮನಶ್ಶಾಸ್ತ್ರಜ್ಞರು, ದೇಹಸಾಮರ್ಥ್ಯದ ಶಿಕ್ಷಕರು ಇದರ ವಿದ್ಯಾರ್ಥಿಗಳು. ಮೊದಲ ಘಟ್ಟದಲ್ಲಿ ಸಂಶೋಧನಾ ವಿಧಾನದ ಪಾಠಗಳು, ಎರಡನೆಯ ಘಟ್ಟದಲ್ಲಿ ತಾವು ದುಡಿಯುವ ಕಣದಲ್ಲಿಯೇ ನಡೆಸುವ ಅಧ್ಯಯನ. ಉದ್ಯೋಗದ ನಡುವೆ ನಡೆಯುವುದರಿಂದ ಇದಕ್ಕೆ ನಾಲ್ಕರಿಂದ ಆರು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚಿನ ಕಾಲ ಹಿಡಿಯುವುದುಂಟು.

ಭಾರತದಲ್ಲಿ ಈ ಮಾರ್ಗದಲ್ಲಿ ನಡೆಯಬಯಸುವವರಿಗೆ ಹತ್ತಿರದ ದಾರಿಯೆಂದರೆ ದೈಹಿಕ ಶಿಕ್ಷಣ ಅಥವಾ ಕ್ರೀಡಾವಿಜ್ಞಾನ ವಿಷಯದಲ್ಲಿ ಅರೆಕಾಲಿಕವಾಗಿ ಮಾಡುವ ಪಿಎಚ್.ಡಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2022ರ ನವೆಂಬರಿನಲ್ಲಿ ಪ್ರಕಟಿಸಿದ ನಿಯಮಾವಳಿಯು ಅರೆಕಾಲಿಕ ಪಿಎಚ್.ಡಿ.ಗೆ ಸ್ಪಷ್ಟವಾದ ಸ್ಥಾನವನ್ನು ಕಲ್ಪಿಸಿದೆ. ಪಾಠಕ್ರಮಕ್ಕೆ ಕನಿಷ್ಠ 12 ಕ್ರೆಡಿಟ್. ವ್ಯಾಸಂಗದ ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯ ಮೂಲಕ ಇನ್ನೆರಡು ವರ್ಷಗಳ ವಿಸ್ತರಣೆಗೂ ಅವಕಾಶವಿದೆ. ಅರೆಕಾಲಿಕ ಅಭ್ಯರ್ಥಿಯು ತಾನು ದುಡಿಯುವ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರವನ್ನು ತರಬೇಕು. ಅದರಲ್ಲಿ ಮೂರು ಮಾತುಗಳಿರಬೇಕೆಂದು ನಿಯಮವು ಹೇಳುತ್ತದೆ: ವ್ಯಾಸಂಗಕ್ಕೆ ಅನುಮತಿಯಿದೆ, ಅಭ್ಯರ್ಥಿಯ ಕರ್ತವ್ಯಗಳು ಸಂಶೋಧನೆಗೆ ಸಾಕಷ್ಟು ಕಾಲವನ್ನು ಬಿಟ್ಟುಕೊಡುತ್ತವೆ, ಅಗತ್ಯಬಿದ್ದರೆ ಪಾಠಕ್ರಮವನ್ನು ಮುಗಿಸಲು ಅವನನ್ನು ಕೆಲಸದಿಂದ ಬಿಡುಗಡೆ ಮಾಡಲಾಗುವುದು. ಈ ಮೂರು ವಾಕ್ಯಗಳ ಭಾರವನ್ನು ಲೇಖನದ ಕೊನೆಯಲ್ಲಿ ಮತ್ತೊಮ್ಮೆ ತೂಗಿ ನೋಡಬೇಕಾಗಿದೆ.

‘ಅರೆಕಾಲಿಕ’ವೆಂಬ ಮಾತನ್ನು ‘ಅರೆಮನಸ್ಸಿನ’ ಎಂದು ಓದಿಕೊಳ್ಳುವುದು ಲೋಕದ ರೂಢಿ. ಇದು ತಪ್ಪೆಂಬುದಕ್ಕೆ ಕ್ರೀಡಾಲೋಕದ ಇತಿಹಾಸದಲ್ಲಿಯೇ ಒಂದು ನಿದರ್ಶನವಿದೆ. 1954ರ ಮೇ 6ರಂದು ಆಕ್ಸ್‌ಫರ್ಡಿನ ಓಟದ ಬಯಲಿನಲ್ಲಿ ರೋಜರ್ ಬ್ಯಾನಿಸ್ಟರ್ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡುಗಳಲ್ಲಿ ಓಡಿ, ಅಸಾಧ್ಯವೆಂದು ಅನೇಕರು ಭಾವಿಸಿದ್ದ ಎಲ್ಲೆಯನ್ನು ದಾಟಿದನು. ಆಗ ಆತನು ಲಂಡನ್ನಿನಲ್ಲಿ ವೈದ್ಯಕೀಯ ವಿದ್ಯಾರ್ಥಿ. ದಿನದ ಅಭ್ಯಾಸಕ್ಕೆ ಅವನಿಗಿದ್ದುದು ಮಧ್ಯಾಹ್ನದ ಊಟದ ಬಿಡುವು. ಓಡುವಾಗಿನ ಉಸಿರಾಟದ ವಿಷಯದಲ್ಲಿ ಪ್ರಯೋಗಶಾಲೆಯಲ್ಲಿ ಸಂಶೋಧನೆ ನಡೆಸಿದ್ದ ಆತನು, ತನ್ನ ದೇಹವನ್ನೂ ಆ ಪರೀಕ್ಷೆಗೆ ಒಡ್ಡಿಕೊಂಡಿದ್ದನು. ಕಾಲ ಅರೆಯಾಗಿದ್ದರೂ ಶ್ರದ್ಧೆ ಅರೆಯಾಗಿರಲಿಲ್ಲ.

ಕಲ್ಯಾಣದ ಎರಡು ನಿದರ್ಶನಗಳು

ಅಂಗಸಾಧನೆಯು ಶಾಸ್ತ್ರಕ್ಕೆ ವಿಷಯವಾಗಬಲ್ಲದೆಂಬುದು ಪಶ್ಚಿಮದಿಂದ ಬಂದ ಹೊಸ ವಿಚಾರವೇನೂ ಅಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಪ್ರಕರಣವಿದೆ. ಮಲ್ಲರನ್ನು ವಯಸ್ಸು, ಬಲ, ದೇಹಪ್ರಮಾಣಗಳಿಗೆ ಅನುಸಾರವಾಗಿ ವಿಂಗಡಿಸುವ ಕ್ರಮ, ಅವರ ಆಹಾರ, ಅವರ ವ್ಯಾಯಾಮ ಇವೆಲ್ಲ ಅಲ್ಲಿ ನಿರೂಪಿತವಾಗಿವೆ. ಇಂದು ಉನ್ನತ ಕ್ರೀಡಾಸಾಧನೆಯ ಪಾಠಪಟ್ಟಿಯಲ್ಲಿ ಕಾಣುವ ಪ್ರತಿಭಾಶೋಧ, ಪೋಷಣೆ, ಸಾಧನಾಕ್ರಮ ಎಂಬ ಮೂರು ಅಧ್ಯಾಯಗಳ ಬೀಜವು ಕನ್ನಡ ನೆಲದ ಅರಸನೊಬ್ಬನ ಗ್ರಂಥದಲ್ಲಿ ಆಗಲೇ ಇದ್ದಿತೆಂದು ಹೇಳಬಹುದು.

ಆದರೆ ಒಂದು ಅಂಶವನ್ನು ಮರೆಯಬಾರದು. ಆ ಗ್ರಂಥವನ್ನು ಬರೆದವನು ಮಲ್ಲನಲ್ಲ, ಮಲ್ಲರನ್ನು ನೋಡಿದ ಅರಸ. ಮಣ್ಣಿನಲ್ಲಿ ಹೊರಳಿದವನ ಮಾತು ಅದರಲ್ಲಿ ಅರಸನ ಮಾತಾಗಿಯೇ ಕೇಳಿಸುತ್ತದೆ. ಕೆಲವೇ ದಶಕಗಳ ತರುವಾಯ ಅದೇ ಕಲ್ಯಾಣದಲ್ಲಿ ಇನ್ನೊಂದು ಬಗೆಯ ಬರಹವು ಕಾಣಿಸಿಕೊಂಡಿತು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ ಮೊದಲಾದ ಶರಣರು ತಮ್ಮ ಕಾಯಕದ ಹೆಸರನ್ನು ತಮ್ಮ ಹೆಸರಿಗೆ ಹೊತ್ತುಕೊಂಡು, ತಾವು ಕಂಡುಂಡುದನ್ನು ತಾವೇ ನುಡಿದರು. ಅವರ ನುಡಿಯ ಗುರಿ ಬೇರೆ, ಇಲ್ಲಿಯ ವಿಷಯ ಬೇರೆ. ಆದರೂ ದುಡಿಯುವವನೇ ತನ್ನ ಅನುಭವಕ್ಕೆ ಗ್ರಂಥಕರ್ತನಾಗಬಲ್ಲನೆಂಬ ಸಂಗತಿಯು ಈ ವಾಚಕರಿಗೆ ಹೊಸದೆನಿಸಲಾರದು. ವೃತ್ತಿಪರ ಡಾಕ್ಟರೇಟಿನ ಒಳತಿರುಳೂ ಇದೇ ಆಗಿದೆ. ಮಲ್ಲನ ಗುರುವೇ ಬರೆಯಬೇಕು. ಹಾಗೆ ಬರೆಯುವುದಕ್ಕೆ ಬೇಕಾದ ಕ್ರಮವನ್ನು ವಿಶ್ವವಿದ್ಯಾಲಯವು ಅವನಿಗೆ ಕಲಿಸಿಕೊಡಬೇಕು.

ಕರಾವಳಿಯ ನಾಲ್ಕು ಊರುಗಳು

ಈ ವಿಚಾರವನ್ನು ಒಂದು ಸೀಮೆಯ ಮೇಲೆ ನಿಲ್ಲಿಸಿ ನೋಡುವುದು ಯುಕ್ತ. ಅದಕ್ಕೆ ಉಡುಪಿ ಜಿಲ್ಲೆಯ ನಾಲ್ಕು ಊರುಗಳು ಅನುಕೂಲವಾಗಿವೆ. ಉಡುಪಿಯಿಂದ ಮಣಿಪಾಲಕ್ಕೆ ಸುಮಾರು 5 ಕಿಲೋಮೀಟರ್. ದಕ್ಷಿಣಕ್ಕೆ ಕಡಲ ತೀರದ ಕಾಪುವಿಗೆ ಸುಮಾರು 13. ಘಟ್ಟದ ತಪ್ಪಲಿನ ದಿಕ್ಕಿನಲ್ಲಿರುವ ಕಾರ್ಕಳಕ್ಕೆ ಸುಮಾರು 38. ಬಸ್ಸಿನಲ್ಲಿ ಅರ್ಧ ದಿನದೊಳಗೆ ಸುತ್ತಿ ಬರಬಹುದಾದ ಈ ವಲಯದಲ್ಲಿ ಕ್ರೀಡಾವ್ಯಾಸಂಗಕ್ಕೆ ಬೇಕಾದ ಸಮಸ್ತ ಅಂಗಗಳೂ ಇವೆ. ಉಡುಪಿಯ ಅಜ್ಜರಕಾಡಿನಲ್ಲಿ ಜಿಲ್ಲಾ ಕ್ರೀಡಾಂಗಣವಿದೆ. ಡಾ. ಟಿ. ಎಂ. ಎ. ಪೈಯವರು 1953ರಲ್ಲಿ ಸ್ಥಾಪಿಸಿದ ಕಸ್ತೂರಬಾ ವೈದ್ಯಕೀಯ ಕಾಲೇಜಿನಿಂದ ಬೆಳೆದ ಮಣಿಪಾಲದ ವಿದ್ಯಾಕೇಂದ್ರದಲ್ಲಿ ಶರೀರಕ್ರಿಯಾಶಾಸ್ತ್ರ, ಮೂಳೆ ಚಿಕಿತ್ಸೆ, ಫಿಸಿಯೋಥೆರಪಿಗಳ ಜೊತೆಗೆ ವ್ಯಾಯಾಮ ಮತ್ತು ಕ್ರೀಡಾವಿಜ್ಞಾನಕ್ಕೂ ಒಂದು ವಿಭಾಗವಿದೆ. ಕಾಪುವಿನಲ್ಲಿ ಕಡಲೂ ಶಾಲೆಯ ಬಯಲೂ ಇವೆ. ಕಾರ್ಕಳದ ಮಿಯಾರಿನಲ್ಲಿ ಲವ-ಕುಶ ಜೋಡುಕರೆ ಕಂಬಳ ನಡೆಯುತ್ತದೆ. ಕಂಬಳದ ಓಟಗಾರರನ್ನು ತಯಾರುಮಾಡುವುದಕ್ಕೆಂದು ಗುಣಪಾಲ ಕಡಂಬರು ಸ್ಥಾಪಿಸಿದ ಕಂಬಳ ಅಕಾಡೆಮಿಯೂ ಅಲ್ಲಿಯೇ ಹುಟ್ಟಿತು.

ಈ ಸೀಮೆಯ ಬಯಲುಗಳು ಜಗತ್ತಿನ ಕಣಕ್ಕೆ ಆಳುಗಳನ್ನು ಕಳುಹಿಸಿಯೂ ಇವೆ. ಉಡುಪಿ ಜಿಲ್ಲೆಯ ಗುರುರಾಜ ಪೂಜಾರಿಯವರು 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಭಾರವನ್ನೆತ್ತಿ ಬೆಳ್ಳಿಯ ಪದಕವನ್ನೂ, 2022ರ ಬರ್ಮಿಂಗ್‌ಹ್ಯಾಮ್ ಕೂಟದ 61 ಕಿಲೋ ವಿಭಾಗದಲ್ಲಿ 269 ಕಿಲೋ ಎತ್ತಿ ಕಂಚಿನ ಪದಕವನ್ನೂ ಗಳಿಸಿದರು. ಕುಸ್ತಿಯ ಕಡೆಗೆ ಒಲವಿದ್ದ ತರುಣನನ್ನು ಉಜಿರೆಯ ಕಾಲೇಜಿನ ತರಬೇತುದಾರರು ಭಾರ ಎತ್ತುವ ಕ್ರೀಡೆಯ ಕಡೆಗೆ ತಿರುಗಿಸಿದರು. ಆ ದೇಹದಲ್ಲಿ ಏನನ್ನು ಕಂಡು ಹಾಗೆ ತಿರುಗಿಸಲಾಯಿತು? ಭುಜವನ್ನೇ, ಸೊಂಟದ ಚುರುಕನ್ನೇ, ಸ್ವಭಾವದ ಸ್ಥಿರತೆಯನ್ನೇ? ಇಂತಹ ಕಣ್ಣು ಇಪ್ಪತ್ತು ಮೂವತ್ತು ವರ್ಷಗಳ ದುಡಿಮೆಯಿಂದ ಬರುವಂತಹುದು. ಅದನ್ನು ಪಡೆದ ಶಿಕ್ಷಕರು ಪ್ರತಿವರ್ಷವೂ ಶಾಲು ಹಣ್ಣುಹಂಪಲುಗಳೊಡನೆ ನಿವೃತ್ತರಾಗುತ್ತಾರೆ. ಅವರು ಕಂಡುದು ಅವರೊಡನೆಯೇ ಮನೆಗೆ ಹೋಗುತ್ತದೆ. ಬರೆದಿಡದ ವಿದ್ಯೆಗೆ ಇದೇ ಗತಿ.

ತ್ರೈರಾಶಿಕದ ಮೋಸ

ಕಣದವನ ಮಾತು ಶಾಸ್ತ್ರಕ್ಕೆ ಎಷ್ಟು ಅಗತ್ಯವೆಂಬುದನ್ನು 2020ರ ಪ್ರಸಂಗವೊಂದು ಚೆನ್ನಾಗಿ ತೋರಿಸಿಕೊಟ್ಟಿತು. ಆ ವರ್ಷದ ಫೆಬ್ರವರಿಯಲ್ಲಿ, ಉಡುಪಿ ಜಿಲ್ಲೆಯ ಗಡಿಗೆ ಸಮೀಪದ ಐಕಳದ ಕಂಬಳದಲ್ಲಿ, ಮೂಡುಬಿದಿರೆಯ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು ತಮ್ಮ ಜೋಡಿ ಕೋಣಗಳೊಡನೆ 142.5 ಮೀಟರ್ ಕರೆಯನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಯಾರೋ ತ್ರೈರಾಶಿಕ ಹಾಕಿ ನೂರು ಮೀಟರಿಗೆ 9.55 ಸೆಕೆಂಡೆಂದು ತೆಗೆದರು. ಜಮೈಕದ ಉಸೇನ್ ಬೋಲ್ಟ್ 2009ರ ಆಗಸ್ಟ್ 16ರಂದು ಬರ್ಲಿನ್ನಿನಲ್ಲಿ ಸ್ಥಾಪಿಸಿದ ವಿಶ್ವದಾಖಲೆ 9.58 ಸೆಕೆಂಡು. ಕೂಡಲೇ ಸುದ್ದಿಯು ದೇಶವಿದೇಶಗಳಲ್ಲಿ ಹಬ್ಬಿತು. ಕೆಲವೇ ದಿನಗಳಲ್ಲಿ ಕಾರ್ಕಳ ತಾಲ್ಲೂಕಿನ ಬಜಗೋಳಿಯ ನಿಶಾಂತ್ ಶೆಟ್ಟಿಯವರು ವೇಣೂರಿನ ಕಂಬಳದಲ್ಲಿ 143 ಮೀಟರುಗಳನ್ನು 13.61 ಸೆಕೆಂಡುಗಳಲ್ಲಿ ಓಡಿ, ಅದೇ ಲೆಕ್ಕದಿಂದ 9.51ಕ್ಕೆ ಇಳಿದರು.

ಲೆಕ್ಕವು ಅಂಕಗಣಿತದಲ್ಲಿ ಸರಿ, ವಿಷಯದಲ್ಲಿ ಸರಿಯಲ್ಲ. ಓಟದ ವೇಗವು ಉದ್ದಕ್ಕೂ ಒಂದೇ ಸಮನಾಗಿದ್ದರೆ ಮಾತ್ರ ತ್ರೈರಾಶಿಕವು ಸಲ್ಲುತ್ತದೆ. ಬರ್ಲಿನ್ನಿನ ಓಟದಲ್ಲಿ ಬೋಲ್ಟ್ ಮೊದಲ 20 ಮೀಟರುಗಳಿಗೆ ತೆಗೆದುಕೊಂಡ ಕಾಲ ಸುಮಾರು 2.9 ಸೆಕೆಂಡು, 60ರಿಂದ 80 ಮೀಟರುವರೆಗಿನ ಅಷ್ಟೇ ದೂರಕ್ಕೆ 1.61 ಸೆಕೆಂಡು. ನಿಂತ ದೇಹವು ಚಲಿಸತೊಡಗುವಾಗಿನ ನಷ್ಟವು ದೂರ ಹೆಚ್ಚಿದಂತೆ ಹಂಚಿಹೋಗುತ್ತದೆ. ಇದೇ ಬೋಲ್ಟ್ 2009ರ ಮೇ ತಿಂಗಳಿನಲ್ಲಿ ಮ್ಯಾಂಚೆಸ್ಟರಿನ ಬೀದಿಯೊಂದರಲ್ಲಿ ನೇರವಾದ 150 ಮೀಟರುಗಳನ್ನು 14.35 ಸೆಕೆಂಡುಗಳಲ್ಲಿ ಓಡಿದ್ದನು. ಅದಕ್ಕೂ ತ್ರೈರಾಶಿಕ ಹಾಕಿದರೆ ನೂರು ಮೀಟರಿಗೆ 9.57 ಬರುತ್ತದೆ. ಆದರೆ ಅಂದಿನ ಕೊನೆಯ ನೂರು ಮೀಟರುಗಳನ್ನು ಅವನು ಓಡಿದುದು 8.70 ಸೆಕೆಂಡುಗಳಲ್ಲಿ! ಒಂದೇ ಓಟಕ್ಕೆ ಎರಡು ಲೆಕ್ಕ, ಎರಡು ಉತ್ತರ. ಇನ್ನು ಕಂಬಳದ ಕರೆಯಲ್ಲಿ ಕೆಸರುನೀರಿನ ನೆಲ, ಕೈಯಲ್ಲಿ ಹಿಡಿದ ಹಗ್ಗ, ಮುಂದೆ ಧಾವಿಸುವ ಕೋಣಗಳ ಎಳೆತ. ಗಂತಿನಿಂದ, ಅಂದರೆ ಓಟ ಹೊರಡುವ ತುದಿಯಿಂದ, ಮಂಜೊಟ್ಟಿಯೆಂಬ ಮುಗಿಯುವ ತುದಿಯವರೆಗೆ ಅದು ಬೇರೆಯೇ ಒಂದು ವಿದ್ಯೆ.

ಗದ್ದಲದ ನಡುವೆ ಭಾರತೀಯ ಕ್ರೀಡಾ ಪ್ರಾಧಿಕಾರದ ಬೆಂಗಳೂರು ಕೇಂದ್ರದಲ್ಲಿ ಪರೀಕ್ಷೆಗೆ ಬರುವಂತೆ ಶ್ರೀನಿವಾಸ ಗೌಡರಿಗೆ ಕರೆ ಬಂದಿತು. ಕಟ್ಟಡದ ಕೆಲಸದಿಂದ ಬದುಕು ಸಾಗಿಸುತ್ತಿದ್ದ ಅವರು ಅದನ್ನು ಒಪ್ಪಲಿಲ್ಲ. ಅವರು ಕೊಟ್ಟ ಕಾರಣಗಳ ತಾತ್ಪರ್ಯವಿಷ್ಟು: ಕಂಬಳದ ಓಟದಲ್ಲಿ ಹಿಮ್ಮಡಿಗೆ ಕೆಲಸ, ಬಯಲಿನ ಓಟದಲ್ಲಿ ಕಾಲ್ಬೆರಳುಗಳಿಗೆ ಕೆಲಸ, ಕಂಬಳದಲ್ಲಿ ಓಟಗಾರನಷ್ಟೇ ಅಲ್ಲ, ಕೋಣಗಳಿಗೂ ಪಾಲಿದೆ. ಆ ದಿನಗಳಲ್ಲಿ ಈ ವಿಷಯವಾಗಿ ಹೊರಟ ಸಾವಿರಾರು ಮಾತುಗಳ ನಡುವೆ ಅತ್ಯಂತ ಶಾಸ್ತ್ರೀಯವಾದ ಮಾತು ಇದೇ ಆಗಿತ್ತೆಂದರೆ ಅತಿಶಯೋಕ್ತಿಯಾಗದು. ಅಂಕಿಯನ್ನು ಹಿಡಿದವರು ನೆಲವನ್ನು ಮರೆತರು. ನೆಲವನ್ನು ತುಳಿದವರು ಭೇದವನ್ನು ಬಲ್ಲವರಾಗಿದ್ದರು.

ಆದರೆ ಆ ಮಾತು ಅಲ್ಲಿಗೇ ನಿಲ್ಲಬಾರದು. ಹಿಮ್ಮಡಿಯು ಕೆಸರಿನಲ್ಲಿ ಎಷ್ಟು ಹೊತ್ತು ಊರುತ್ತದೆ, ಹಗ್ಗದ ಎಳೆತವು ಹೆಜ್ಜೆಯ ಉದ್ದವನ್ನು ಎಷ್ಟು ಹೆಚ್ಚಿಸುತ್ತದೆ, ನೇಗಿಲು, ಹಗ್ಗ, ಅಡ್ಡ ಹಲಗೆ, ಕನೆ ಹಲಗೆ ಎಂಬ ವಿಭಾಗಗಳಲ್ಲಿ ದೇಹದ ನಿಲುವು ಹೇಗೆ ಬೇರೆಯಾಗುತ್ತದೆ, ಓಟಗಾರನ ಮೊಣಕಾಲು ಎಷ್ಟು ವರ್ಷ ಇದನ್ನು ತಾಳಬಲ್ಲದು? ಈ ಪ್ರಶ್ನೆಗಳನ್ನು ಕೇಳುವುದಕ್ಕೆ ಮಿಯಾರಿನ ಅನುಭವ ಬೇಕು. ಉತ್ತರಿಸುವುದಕ್ಕೆ ಮಣಿಪಾಲದ ಮಾಪನ ಬೇಕು. ಎರಡನ್ನೂ ಕೂಡಿಸಬಲ್ಲವನು ಎರಡೂ ಕಡೆ ನಡೆದಾಡುವ ಅರೆಕಾಲಿಕ ವಿದ್ಯಾರ್ಥಿ.

ನೋಟುಪುಸ್ತಕದಿಂದ ಪ್ರಬಂಧಕ್ಕೆ

ಇಂತಹ ಸಂಶೋಧನೆಗೆ ಲಕ್ಷಾಂತರ ರೂಪಾಯಿಗಳ ಯಂತ್ರಗಳು ಬೇಕೆಂಬ ಭೀತಿಗೆ ಕಾರಣವಿಲ್ಲ. ಕಾಪುವಿನ ಕಡೆಯ ಪ್ರೌಢಶಾಲೆಯ ಶಿಕ್ಷಕನೊಬ್ಬನನ್ನು ಉದಾಹರಣೆಗೆಂದು ಕಲ್ಪಿಸಿಕೊಳ್ಳಬಹುದು. ಅವನ ವಾಲಿಬಾಲ್ ತಂಡದಲ್ಲಿ ಹದಿಮೂರು ಹದಿನಾಲ್ಕರ ಹುಡುಗರು ಮೊಣಕಾಲಿನ ಕೆಳಗೆ, ಮೂಳೆಯು ಉಬ್ಬಿದ ಸ್ಥಳದಲ್ಲಿ ನೋವೆನ್ನುತ್ತಾರೆ. ಸೋಮಾರಿತನವೆಂದು ಗದರಿಸುವುದು ಹಳೆಯ ವಾಡಿಕೆ. ಬೆಳೆಯುವ ವಯಸ್ಸಿನಲ್ಲಿ, ತೊಡೆಯ ಸ್ನಾಯುವಿನ ಎಳೆತವು ಇನ್ನೂ ಗಟ್ಟಿಯಾಗದ ಮೂಳೆಯ ಮೇಲೆ ಬೀಳುವುದರಿಂದ ಉಂಟಾಗುವ ಈ ಬಾಧೆಗೆ ವೈದ್ಯಶಾಸ್ತ್ರದಲ್ಲಿ ಆಸ್‌ಗುಡ್-ಶ್ಲಾಟರ್ ಎಂದು ಹೆಸರು. ಪದೇ ಪದೇ ನೆಗೆಯುವ ಆಟಗಳಲ್ಲಿ ಅದು ಹೆಚ್ಚು. ವಾರಕ್ಕೆ ಎಷ್ಟು ನೆಗೆತಗಳಾದರೆ ನೋವು ಹೆಚ್ಚುತ್ತದೆ, ಎಷ್ಟಕ್ಕೆ ಇಳಿಸಿದರೆ ಆಟವೂ ಉಳಿದು ನೋವೂ ತಗ್ಗುತ್ತದೆ? ಇದನ್ನು ತಿಳಿಯುವುದಕ್ಕೆ ಒಂದು ನೋಟುಪುಸ್ತಕ, ನೆಗೆತಗಳನ್ನು ಎಣಿಸುವ ಒಬ್ಬ ಹಿರಿಯ ವಿದ್ಯಾರ್ಥಿ, ಎರಡು ವರ್ಷಗಳ ತಾಳ್ಮೆ ಸಾಕು.

ಶ್ರಮವನ್ನು ಅಳೆಯುವುದಕ್ಕೂ ಸರಳವಾದ ಉಪಾಯವಿದೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ಎಂಬಾತನು, ಮನುಷ್ಯನು ತನಗಾದ ಶ್ರಮವನ್ನು ತಾನೇ ಅಂಕದಿಂದ ಹೇಳುವ ಮಾನಗಳನ್ನು ರೂಪಿಸಿದನು. ಅಮೆರಿಕದ ಕಾರ್ಲ್ ಫಾಸ್ಟರ್ ಮತ್ತು ಸಂಗಡಿಗರು ಅದನ್ನು ತರಬೇತಿಗೆ ಅಳವಡಿಸಿದರು. ಅಭ್ಯಾಸ ಮುಗಿದ ಮೇಲೆ ಹುಡುಗನು ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕವನ್ನು ಹೇಳಬೇಕು. ಅದನ್ನು ಅಭ್ಯಾಸದ ನಿಮಿಷಗಳಿಂದ ಗುಣಿಸಬೇಕು. 60 ನಿಮಿಷಗಳ ಅಭ್ಯಾಸಕ್ಕೆ 6 ಎಂದರೆ ಅಂದಿನ ಭಾರ 360. ವಾರದ ಮೊತ್ತವು ಒಮ್ಮೆಗೇ ಏರಿದರೆ ಎಚ್ಚರ ವಹಿಸಬೇಕು. ಅಂತೆಯೇ ಕರಾವಳಿಯ ಉಬ್ಬಸದ ಸೆಕೆಯಲ್ಲಿ ಬೆವರು ಆರುವುದಿಲ್ಲ. ಆರದ ಬೆವರು ದೇಹವನ್ನು ತಣಿಸುವುದಿಲ್ಲ. ಅಭ್ಯಾಸಕ್ಕೆ ಮುನ್ನ ಮತ್ತು ಅನಂತರ ತೂಕ ನೋಡಿದರೆ, ಕಡಿಮೆಯಾದ ಒಂದು ಕಿಲೋ ತೂಕವು ಹೆಚ್ಚುಕಡಿಮೆ ಒಂದು ಲೀಟರ್ ನೀರಿಗೆ ಸಮ. 50 ಕಿಲೋ ತೂಕದ ಬಾಲಕನಿಗೆ ಅದು ನೂರಕ್ಕೆ ಎರಡು ಪಾಲು. ಅಷ್ಟರಲ್ಲಿಯೇ ಆಟದ ಕಸುವು ಕುಂದತೊಡಗಬಹುದು. ಉಪ್ಪು ಬೆರೆಸಿದ ಗಂಜಿಯ ತಿಳಿಯನ್ನು ಕುಡಿಸುವ ಮನೆಯ ರೂಢಿಗೆ ಇಲ್ಲಿ ಎಷ್ಟು ಬೆಲೆಯಿದೆಯೆಂಬುದೂ ಪರೀಕ್ಷಿಸತಕ್ಕ ವಿಷಯವೇ. ಇವೆಲ್ಲ ಶಾಲೆಯ ಅಂಗಳದಲ್ಲಿ ನಡೆಯಬಹುದಾದ ಅಧ್ಯಯನಗಳು.

ಧರ್ಮಸೂಕ್ಷ್ಮ

ಈ ವ್ಯಾಸಂಗದಲ್ಲಿ ಕಠಿಣವಾದುದು ಪಾಠಕ್ರಮವೂ ಅಲ್ಲ, ಪ್ರಬಂಧರಚನೆಯೂ ಅಲ್ಲ. ಶಿಕ್ಷಕನು ತನ್ನ ಶಿಷ್ಯರನ್ನೇ ಅಧ್ಯಯನಕ್ಕೆ ಒಳಪಡಿಸುವಾಗ ಏಳುವ ಧರ್ಮಸೂಕ್ಷ್ಮವೇ ನಿಜವಾದ ಪರೀಕ್ಷೆ. ಹೊರಗಿನಿಂದ ಬಂದ ಸಂಶೋಧಕನಿಗೆ ಬಾಲಕನು ‘ಒಲ್ಲೆ’ ಎನ್ನಬಹುದು. ತಂಡಕ್ಕೆ ಆರಿಸುವ, ಬಿಡುವ ಅಧಿಕಾರವುಳ್ಳ ಗುರುವಿಗೆ ಹಾಗೆನ್ನುವ ಧೈರ್ಯ ಯಾವ ಬಾಲಕನಿಗಿದ್ದೀತು? ಆದಕಾರಣ ಮಕ್ಕಳ ಒಪ್ಪಿಗೆಯ ಜೊತೆಗೆ ತಂದೆತಾಯಿಯರ ಲಿಖಿತ ಒಪ್ಪಿಗೆ, ಒಪ್ಪಿಗೆಯನ್ನು ಕೇಳುವ ಕೆಲಸವನ್ನು ಆಯ್ಕೆಯ ಅಧಿಕಾರವಿಲ್ಲದ ಬೇರೊಬ್ಬರಿಗೆ ಒಪ್ಪಿಸುವುದು, ಯಾವ ಕ್ಷಣದಲ್ಲಾದರೂ ಹಿಂದೆ ಸರಿಯುವ ಸ್ವಾತಂತ್ರ್ಯ, ವಿಶ್ವವಿದ್ಯಾಲಯದ ನೀತಿಸಮಿತಿಯ ಅನುಮೋದನೆ ಇವು ಅವಶ್ಯಕ. ಪ್ರಬಂಧವು ಬೆಳೆಯಬೇಕೆಂದು ಮಗುವಿನ ಮೊಣಕಾಲನ್ನು ಸವೆಸಿದವನಿಗೆ ಪದವಿ ದೊರೆಯಬಹುದು, ವಿದ್ಯೆ ದೊರೆಯದು. ಕೋಣಗಳಾದರೋ ಒಪ್ಪಿಗೆಯನ್ನು ಹೇಳಲಾರವು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಕಂಬಳಕ್ಕೆ ತಡೆ ಬಂದುದು, 2017ರ ರಾಜ್ಯದ ತಿದ್ದುಪಡಿ ಕಾಯಿದೆಯನ್ನು 2023ರ ಮೇ 18ರಂದು ಅದೇ ನ್ಯಾಯಾಲಯದ ಸಂವಿಧಾನ ಪೀಠವು ಎತ್ತಿಹಿಡಿದುದು ಕಂಬಳವನ್ನು ಅಧ್ಯಯನ ಮಾಡುವವನ ನೆನಪಿನಲ್ಲಿರಬೇಕು.

ತಿಳಿವಳಿಕೆಯ ಕೊರತೆಯಿಂದಾಗುವ ಹಾನಿಗೂ ನಿದರ್ಶನವುಂಟು. 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಮಹಿಳೆಯರ ರಿಲೇ ತಂಡದ ಕೆಲವು ಓಟಗಾರ್ತಿಯರು ಮರುವರ್ಷ ಉದ್ದೀಪನ ಔಷಧದ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಅವರಲ್ಲಿ ಉಡುಪಿ ಜಿಲ್ಲೆಯ ಮಗಳೊಬ್ಬಳೂ ಇದ್ದಳು. ತರಬೇತುದಾರನು ತಂದುಕೊಟ್ಟ ಜಿನ್ಸೆಂಗ್ ಮಾತ್ರೆಗಳಿಂದ ಹೀಗಾಯಿತೆಂಬುದು ಅವರ ಮೊರೆ. ಮೊದಲು ವಿಧಿಸಿದ ಒಂದು ವರ್ಷದ ನಿಷೇಧವನ್ನು 2012ರಲ್ಲಿ ಕ್ರೀಡಾ ಮಧ್ಯಸ್ಥಿಕೆಯ ಅಂತರರಾಷ್ಟ್ರೀಯ ನ್ಯಾಯಮಂಡಳಿಯು ಎರಡು ವರ್ಷಗಳಿಗೆ ಏರಿಸಿತು. ದೇಹದಲ್ಲಿ ಕಂಡುಬಂದ ದ್ರವ್ಯಕ್ಕೆ ಕ್ರೀಡಾಪಟುವೇ ಹೊಣೆಯೆಂಬುದು ಆ ಕ್ಷೇತ್ರದ ಕಟ್ಟುನಿಟ್ಟಾದ ನಿಯಮ. ಕೊಟ್ಟವರನ್ನು ನಂಬಿ ನುಂಗುವುದು ಶಿಷ್ಯರ ಸ್ವಭಾವ. ಕೊಡುವ ಮುನ್ನ ಓದಿ ಅರಿಯುವುದು ಗುರುವಿನ ಕರ್ತವ್ಯ. ಗುರುವಿನ ವ್ಯಾಸಂಗವು ಶಿಷ್ಯನ ರಕ್ಷೆಯೂ ಹೌದೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಸಂಸ್ಥೆಗಳು ಮತ್ತು ದಾನಿಗಳು

ವಿದ್ಯಾಸಂಸ್ಥೆಗಳ ವಾರ್ಷಿಕೋತ್ಸವಗಳಲ್ಲಿ ಕ್ರೀಡೆಗೆ ಸಲ್ಲುವ ಗೌರವವು ಹೆಚ್ಚಾಗಿ ಪಾರಿತೋಷಕಗಳ ರೂಪದಲ್ಲಿರುತ್ತದೆ. ಗಾಜಿನ ಬೀರುವಿನಲ್ಲಿ ಬೆಳ್ಳಿಯ ಲೋಟಗಳು ತುಂಬಿರುತ್ತವೆ. ಅವುಗಳನ್ನು ಗಳಿಸಿಕೊಟ್ಟ ಶಿಕ್ಷಕನು ಮಾತ್ರ ಜನರ ಬಾಯಲ್ಲಿ ‘ಡ್ರಿಲ್ ಮಾಸ್ತರು’ ಆಗಿಯೇ ಉಳಿದಿರುತ್ತಾನೆ. ಗಣಿತದ ಅಧ್ಯಾಪಕನು ಡಾಕ್ಟರೇಟ್ ಪಡೆದರೆ ಸಭೆ ಸೇರಿಸಿ ಸನ್ಮಾನಿಸುವ ಊರು, ಸಿಳ್ಳೆ ಹಿಡಿದವನಿಗೆ ಪುಸ್ತಕವೇಕೆ ಎಂದು ಕೇಳುವುದುಂಟು. ಈ ಭಾವನೆಯು ಅಳಿಯಬೇಕಾದರೆ ಸಂಸ್ಥೆಗಳು ಮೂರು ಕೆಲಸಗಳನ್ನು ಮಾಡಬಹುದು.

ಮೊದಲನೆಯದು ಕಾಲದಾನ. ನಿರಾಕ್ಷೇಪಣಾ ಪತ್ರಕ್ಕೆ ಸಹಿ ಹಾಕುವುದು ಸುಲಭ. ಅದರೊಳಗಿನ ಮೂರು ವಾಕ್ಯಗಳನ್ನು ಆರು ವರ್ಷ ನಡೆಸಿಕೊಡುವುದು ಕಷ್ಟ. ಸಂಶೋಧನೆಗೆ ಸಾಕಷ್ಟು ಕಾಲ ಉಳಿಯುವುದೆಂದು ಬರೆದುಕೊಟ್ಟು, ಬಳಿಕ ಮೆರವಣಿಗೆಯ ಶಿಸ್ತು, ಪರೀಕ್ಷೆಯ ಕಾವಲು, ಉತ್ಸವದ ಚಪ್ಪರ ಇವೆಲ್ಲವನ್ನೂ ಅದೇ ಶಿಕ್ಷಕನ ಹೆಗಲಿಗೆ ಏರಿಸಿದರೆ ಪತ್ರವು ಸುಳ್ಳಾಗುತ್ತದೆ. ವಾರಕ್ಕೆ ಒಂದು ಪೂರ್ಣ ದಿನವನ್ನು ಅವನಿಗೆ ಬಿಟ್ಟುಕೊಡುವ ಸಂಸ್ಥೆಯು ಅವನ ಪ್ರಬಂಧಕ್ಕೆ ಸಹಕರ್ತೃವಿದ್ದಂತೆ.

ಎರಡನೆಯದು ದ್ರವ್ಯದಾನ. ಒಂದು ಪಾರಿತೋಷಕಕ್ಕೆ ತಗಲುವ ವೆಚ್ಚದಲ್ಲಿ ತೂಕದ ಯಂತ್ರ, ನಿಲ್ಲಿಸುವ ಗಡಿಯಾರ, ಕೆಲವು ಗ್ರಂಥಗಳು ಬರಬಹುದು. ದತ್ತಿಯೊಂದನ್ನಿಟ್ಟು ಅದರ ಬಡ್ಡಿಯಿಂದ ಒಬ್ಬ ಶಿಕ್ಷಕನ ವ್ಯಾಸಂಗ ಶುಲ್ಕವನ್ನು ಭರಿಸಬಹುದು. ಅನ್ನದಾಸೋಹ, ಅಕ್ಷರದಾಸೋಹಗಳ ಪರಂಪರೆಯುಳ್ಳ ಸ್ಥಳಗಳಲ್ಲಿ ಶಿಕ್ಷಕನೂ ದಾಸೋಹಕ್ಕೆ ಅರ್ಹನೆಂಬುದನ್ನು ಒತ್ತಿ ಹೇಳಬೇಕಾದುದಿಲ್ಲ.

ಮೂರನೆಯದು ಭಾಷೆಗೆ ಸಂಬಂಧಿಸಿದುದು. ಇಂತಹ ಪ್ರಬಂಧಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ರಚಿತವಾಗಿ ವಿಶ್ವವಿದ್ಯಾಲಯದ ಕಪಾಟನ್ನು ಸೇರುತ್ತವೆ. ಕಾಪುವಿನ ಹುಡುಗನ ಮೊಣಕಾಲಿನಿಂದ ಹುಟ್ಟಿದ ಜ್ಞಾನವು ಆ ಹುಡುಗನ ತಾಯಿಗೆ ಓದಲು ಬಾರದ ನುಡಿಯಲ್ಲಿಯೇ ಉಳಿದರೆ ಅದು ಪೂರ್ಣವಾಗಿ ಹಿಂದಿರುಗಿತೆನ್ನಲಾಗದು. ಪ್ರತಿಯೊಬ್ಬ ಸಂಶೋಧಕ ಶಿಕ್ಷಕನಿಂದಲೂ ಇಪ್ಪತ್ತು ಪುಟಗಳ ಕನ್ನಡ ಸಾರಾಂಶವೊಂದನ್ನು ಬರೆಸಿ ಶಾಲೆಯ ಗ್ರಂಥಾಲಯದಲ್ಲಿರಿಸುವುದು ಯೋಗ್ಯ. ಕರೆ, ಗಂತು, ಮಂಜೊಟ್ಟಿ, ಪಟ್ಟು, ವರಸೆ ಮೊದಲಾದ ಕಣದ ಶಬ್ದಗಳಿಗೆ ಅಲ್ಲಿ ಶಾಸ್ತ್ರದ ಸ್ಥಾನವೂ ದೊರೆಯುತ್ತದೆ.

ಹೀಗೆ ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ನಿದರ್ಶನದಿಂದ ಹೊರಡುವ ನಿರ್ಣಯವು ಆ ಸೀಮೆಗಷ್ಟೇ ಸೀಮಿತವಾದುದಲ್ಲ. ಬಯಲುಸೀಮೆಯ ಗರಡಿಯ ಉಸ್ತಾದನಲ್ಲಿ, ಕಬಡ್ಡಿಯ ಅಂಕಣವನ್ನು ಸುಣ್ಣದಿಂದ ಬರೆಯುವ ಹಳ್ಳಿಯ ಶಿಕ್ಷಕನಲ್ಲಿ, ಖೋಖೋ ತಂಡದ ಹೆಣ್ಣುಮಕ್ಕಳನ್ನು ಸಂಜೆ ಮನೆಗೆ ಮುಟ್ಟಿಸಿ ಬರುವ ಶಿಕ್ಷಕಿಯಲ್ಲಿ ಬರೆಯದೆ ಉಳಿದ ಒಂದೊಂದು ಗ್ರಂಥವಿದೆ. ಹಿಮ್ಮಡಿಗೂ ಬೆರಳಿಗೂ ಇರುವ ಭೇದವನ್ನು ಕೆಸರಿನಲ್ಲಿ ಓಡಿದವರು ಲೋಕಕ್ಕೆ ತಿಳಿಸಿದರು. ಆ ಭೇದವನ್ನು ಅಳೆದು, ಪರಿಶೀಲಿಸಿ, ಮುಂದಿನವರಿಗೆ ದಾಟಿಸುವ ಅವಕಾಶವು ಕಣದಲ್ಲಿ ದುಡಿಯುವವರಿಗೇ ದೊರೆಯುವಂತಾಗಲಿ. ಅದಕ್ಕೆ ಬೇಕಾದ ವಾರದ ಒಂದು ದಿನವನ್ನು ಸಂಸ್ಥೆಗಳು ತೆರೆದ ಮನಸ್ಸಿನಿಂದ ಕೊಡುವಂತಾಗಲಿ.